ಪಿತ್ತಕೋಶದ ಆಪರೇಷನ್‌ಗೆ ಶ್ವಾಸಕೋಶದ ಪರೀಕ್ಷೆ ಏಕೆ?

ಪ್ರಶ್ನೆ: ನಮ್ಮ ತಂದೆಯವರಿಗೆ 64 ವರ್ಷ. ಪಿತ್ತಕೋಶದ ಕಲ್ಲಿಗೆ ಲ್ಯಾಪರೋಸ್ಕೋಪಿ ಆಗಬೇಕಿದೆ. ಬಹುಕಾಲದಿಂದ ಬೀಡಿ ಸೇದುತ್ತಾರೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಅರಿವಳಿಕೆ ತಜ್ಞರು ಊದುವ ಪರೀಕ್ಷೆ ಮಾಡಿಸಿ, ಇನ್ಹೇಲರ್ ಬರೆದುಕೊಟ್ಟು, ಆಪರೇಷನ್ನನ್ನು ಒಂದೂವರೆ ತಿಂಗಳು ಮುಂದೂಡಿದ್ದಾರೆ. ಇದು ಅಗತ್ಯವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಖಂಡಿತ ಅಗತ್ಯ. ಉಸಿರು ಬಿಟ್ಟ ಮೇಲೂ ನಮ್ಮ ಶ್ವಾಸಕೋಶದಲ್ಲಿ ಒಂದಷ್ಟು ಗಾಳಿ ಉಳಿದಿರುತ್ತದೆ. ಅಂಗಾತ ಮಲಗಿದಾಗಲೇ ತಗ್ಗುವ ಈ ಉಳಿಕೆ, ಪೂರ್ಣ ಅರಿವಳಿಕೆಯಲ್ಲಿ ವಪೆ (ಎದೆ–ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು) ಮತ್ತು ಎದೆಗೂಡಿನ ಸ್ನಾಯುಗಳ ಬಿಗುವು ಸಡಿಲಗೊಳ್ಳುವುದರಿಂದ ಇನ್ನೂ ಶೇ 15ರಿಂದ 20ರಷ್ಟು ಕುಗ್ಗಿ, ಬೆನ್ನಿನ ಕಡೆಯ ಕೆಲವು ಗಾಳಿಗೂಡುಗಳು ಮುಚ್ಚಿಕೊಳ್ಳುತ್ತವೆ. ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆಗೆ ತುಂಬುವ ಇಂಗಾಲದ ಡೈಆಕ್ಸೈಡ್ ವಪೆಯನ್ನು ಮೇಲಕ್ಕೆ ಒತ್ತುವುದಲ್ಲದೆ ರಕ್ತಕ್ಕೂ ಸೇರುತ್ತದೆ. ಅದನ್ನು ಹೊರಹಾಕಬೇಕಾದದ್ದು ಬೀಡಿಯಿಂದ ಬಳಲಿದ ಅದೇ ಶ್ವಾಸಕೋಶ.

ನಿದ್ದೆ ಬರಿಸುವ ಮುನ್ನ ಸುಮಾರು ಮೂರು ನಿಮಿಷ ಮಾಸ್ಕ್ ಬಿಗಿಯಾಗಿ ಹಿಡಿದು ಆಕ್ಸಿಜನ್ ಕೊಡುವುದು, ಉಸಿರಾಟ ನಿಂತು ಶ್ವಾಸನಾಳಕ್ಕೆ ಕೊಳವೆ ಹಾಕುವವರೆಗಿನ ಅವಧಿಗೆ ಬೇಕಾಗುವ ದಾಸ್ತಾನಿಗಾಗಿ. ಆಮೇಲೆ ಯಂತ್ರವೇ ಉಸಿರಾಡಿಸುತ್ತದೆ. ವೆಂಟಿಲೇಟರ್ ಎಂದರೆ ಐಸಿಯು ಎಂದೇ ಹಲವರು ಗಾಬರಿಯಾಗುತ್ತಾರೆ. ಇಲ್ಲಿ ಸಾಮಾನ್ಯವಾಗಿ ಆಪರೇಷನ್ ಮುಗಿದು ರೋಗಿ ಎಚ್ಚರಗೊಂಡು ಚೆನ್ನಾಗಿ ಉಸಿರಾಡತೊಡಗಿದೊಡನೆ ಕೊಳವೆಯನ್ನು ತೆಗೆಯುತ್ತಾರೆ. ಪ್ರತಿ ಉಸಿರಿಗೆ, ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಕಿಲೋಗೆ 6ರಿಂದ 8 ಮಿಲಿಲೀಟರಿನಷ್ಟೇ ಗಾಳಿ ಕೊಡುತ್ತಾರೆ, ಏಕೆಂದರೆ ಅತಿಯಾಗಿ ಹಿಗ್ಗಿಸಿದರೂ ಶ್ವಾಸಕೋಶಕ್ಕೆ ಪೆಟ್ಟು.

ನನ್ನ ಅನುಭವದಲ್ಲಿ ತೊಂದರೆ ಹೆಚ್ಚಾಗಿ ಕಾಣಿಸುವುದು ಮರುದಿನ. ಮೇಲ್ಹೊಟ್ಟೆಯ ನೋವಿಗೆ ಹೆದರಿ ರೋಗಿ ಕೆಮ್ಮುವುದಿಲ್ಲ, ಮೇಲುಮೇಲೆ ಉಸಿರಾಡುತ್ತಾನೆ, ಕಫ ಕಟ್ಟುತ್ತದೆ, ನ್ಯುಮೋನಿಯಾ ಆಗಬಹುದು. ಬೀಡಿ ಬಿಟ್ಟ ಒಂದು ದಿನದಲ್ಲೇ ರಕ್ತದ ಕಾರ್ಬನ್ ಮಾನಾಕ್ಸೈಡ್ ಬಹುಪಾಲು ಇಳಿಯುತ್ತದೆ ನಿಜ, ಆದರೆ ಕಫ ಹೊರತಳ್ಳುವ ವ್ಯವಸ್ಥೆ ಸುಧಾರಿಸಲು ಕನಿಷ್ಠ ನಾಲ್ಕು ವಾರ ಬೇಕು. ಮುಂದೂಡಿದ್ದು ಈ ಕಾರಣಕ್ಕೇ. ಆದ್ದರಿಂದ ‘ದಿನಕ್ಕೊಂದೇ’ ಎಂಬ ರಿಯಾಯಿತಿ ಬೇಡ. ಕದ್ದು ಸೇದಿದ್ದರೂ ಅರಿವಳಿಕೆ ತಜ್ಞರಿಗೆ ತಿಳಿಸಿಬಿಡಿ.

ಮೂರು ಚೆಂಡುಗಳ ಉಸಿರಾಟದ ಸಾಧನ ಕೊಟ್ಟಿದ್ದರೆ ಈಗಿನಿಂದಲೇ ಅಭ್ಯಾಸ ಮಾಡಿಸಿ. ಬಹಳಷ್ಟು ಮಂದಿ ಅದಕ್ಕೆ ಊದುತ್ತಾರೆ; ಉಸಿರನ್ನು ನಿಧಾನವಾಗಿ ಒಳಗೆಳೆದು ಚೆಂಡುಗಳನ್ನು ಮೇಲೆತ್ತಬೇಕು. ವೈದ್ಯರು ಬೇಡವೆನ್ನದ ಹೊರತು ಆಪರೇಷನ್ ದಿನ ಬೆಳಿಗ್ಗೆಯೂ ಇನ್ಹೇಲರ್ ತೆಗೆದುಕೊಳ್ಳಲಿ. ಈ ನಡುವೆ ಜ್ವರ, ಕಾಮಾಲೆ ಅಥವಾ ಬಿಡದ ಹೊಟ್ಟೆನೋವು ಬಂದರೆ ಮಾತ್ರ ಗಡುವಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.