ಅಮ್ಮನ ಕೋಳಿ ಮಾರುವ ಮುನ್ನ

ಮೂಡಿಗೆರೆ ತಾಲ್ಲೂಕಿನ ಯುವ ಓದುಗರೊಬ್ಬರ ಪತ್ರ: "ಮನೆಯಲ್ಲಿ ಅಮ್ಮ ಸಾಕಿದ ನಾಟಿ ಕೋಳಿಗಳಿವೆ. ಹತ್ತೋ ಹನ್ನೆರಡೋ ಮೊಟ್ಟೆ ಇಟ್ಟು ಕಾವಿಗೆ ಕೂತುಬಿಡುತ್ತವೆ. ಎಲ್ಲ ಮಾರಿ ಗಿರಿರಾಜ, ಕಡಕ್‌ನಾಥ್ ತರೋಣ ಅಂದರೆ ಅಮ್ಮ ಒಪ್ಪುತ್ತಿಲ್ಲ. ನಾಟಿ ತಳಿ ಉಳಿಸಿ ಎಂದು ನೀವು ಬರೆಯುತ್ತಲೇ ಇರುತ್ತೀರಿ. ಉಳಿಸಿ ಏನು ಮಾಡಬೇಕು?"

ಸಂಪಾದಕರ ಉತ್ತರ:

ನಿಮ್ಮ ಲೆಕ್ಕ ತಪ್ಪಲ್ಲ. ನಾಟಿ ಹ್ಯಾಟೆ ವರ್ಷಕ್ಕೆ 50-60 ಮೊಟ್ಟೆ ಇಟ್ಟರೆ ದೊಡ್ಡದು. ಗಿರಿರಾಜ ಅದರ ಎರಡು ಪಟ್ಟು ಇಡುತ್ತದೆ. 1989ರಲ್ಲಿ ಹೆಬ್ಬಾಳದ ಪಶುವೈದ್ಯ ಕಾಲೇಜಿನಿಂದ ಹೊರಬಂದ ಆ ಕೋಳಿ ಎಷ್ಟೋ ಮನೆಗಳ ಕೈ ಹಿಡಿದಿದೆ. ದುಡ್ಡಿಗೆ ಬೇಕಾದರೆ ಸಾಕಿ. ಆದರೆ ಅಮ್ಮನ ಕೋಳಿಗಳನ್ನು ಮಾರಬೇಡಿ.

ಕಾವಿಗೆ ಕೂರುವುದನ್ನು ನೀವು ದೋಷ ಅಂದುಕೊಂಡಿದ್ದೀರಿ. ಗಿರಿರಾಜ ಕಾವಿಗೆ ಕೂರುವುದೇ ಅಪರೂಪ. ಅದರ ಮೊಟ್ಟೆ ಮರಿಯಾಗಬೇಕೆಂದರೆ ಮಶೀನ್ ಬೇಕು, 21 ದಿನ ಕರೆಂಟ್ ಬೇಕು. ಆಷಾಢದ ಮಳೆಯಲ್ಲಿ ನಿಮ್ಮೂರಲ್ಲಿ ಕರೆಂಟ್ ಎಷ್ಟು ಹೊತ್ತು ಇರುತ್ತದೆ ಎಂದು ನಿಮಗೇ ಗೊತ್ತಲ್ವಾ? ಜೊತೆಗೆ ಅದು ಮಿಶ್ರ ತಳಿ. ತಾಯಿಯ ಗುಣ ಮರಿಗೆ ಹಾಗೇ ಇಳಿಯುವುದಿಲ್ಲ, ಪ್ರತಿ ಸಲ ಹೊಸ ಮರಿ ಕೊಳ್ಳಬೇಕು. ನಿಮ್ಮ ಅಮ್ಮನ ಹ್ಯಾಟೆ ಯಾರನ್ನೂ ಕೇಳದೆ ತನ್ನ ಸಂಸಾರ ತಾನೇ ಬೆಳೆಸುತ್ತದೆ. ಹದ್ದಿನ ನೆರಳು ಕಂಡರೆ ಸಾಕು, ಪಿಳ್ಳೆಗಳನ್ನು ಕಾಫಿ ಗಿಡದ ಬುಡಕ್ಕೆ ಸೇರಿಸುತ್ತದೆ. ಈ ಬುದ್ಧಿಯನ್ನು ಯಾವ ಅಂಗಡಿಯಲ್ಲಿ ಕೊಳ್ಳುತ್ತೀರಿ?

ಸಕಲೇಶಪುರದ ಕಡೆ ನನ್ನ ಸೋದರತ್ತೆ ಒಬ್ಬರಿದ್ದರು. ಯಾವ ಹ್ಯಾಟೆ ಯಾವುದರ ಮಗಳು, ಯಾವುದು ಮಳೆಗಾಲದಲ್ಲೂ ಮರಿ ಉಳಿಸಿಕೊಳ್ಳುತ್ತದೆ, ಯಾವುದು ಮೊಟ್ಟೆ ಕುಕ್ಕಿ ಒಡೆಯುತ್ತದೆ, ಎಲ್ಲವೂ ಬಾಯಲ್ಲೇ. ಕೆಟ್ಟದ್ದು ಸಾರಿನ ಮಡಕೆಗೆ, ಒಳ್ಳೆಯದು ಗೂಡಿಗೆ. ತಳಿ ಆರಿಸುವುದು ಅಂದರೆ ಅದೇ. ಅತ್ತೆ ಹೋದರು, ಆ ತಿಳಿವಳಿಕೆಯೂ ಅವರ ಜೊತೆಗೇ ಹೋಯಿತು. ಯಾರೂ ಒಂದು ಸಾಲು ಬರೆದಿಡಲಿಲ್ಲ. ಆ ಸಂಕಟ ನನಗೆ ಇವತ್ತಿಗೂ ಇದೆ.

ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾ ಕಡೆಯ ಆದಿವಾಸಿಗಳ ಅಂಗಳದ ಕೋಳಿ. ಅದಕ್ಕೆ 2018ರಲ್ಲಿ ಜಿಐ ಮಾನ್ಯತೆ, ಅಂದರೆ ಇದು ಇಂಥ ಊರಿನದೇ ಎಂಬ ಕಾನೂನಿನ ಗುರುತು, ಸಿಕ್ಕಿತು. ಅವರು ತಮ್ಮ ಕೋಳಿಯನ್ನು ಕೈಬಿಡಲಿಲ್ಲ, ಅದಕ್ಕೇ ಸಿಕ್ಕಿತು. ನಾವು ಅದರ ಹುಂಜ ತಂದು ನಮ್ಮ ಹ್ಯಾಟೆಗಳ ನಡುವೆ ಬಿಟ್ಟರೆ ಅದೂ ಕೆಟ್ಟಿತು, ಇದೂ ಕೆಟ್ಟಿತು.

ನಮ್ಮಲ್ಲಿ ಏನಿದೆ ಎಂದು ನೋಡಿದ್ದೀರಾ? ಬೋಳು ಕತ್ತಿನ ಕೋಳಿ ಕಂಡು ನಗುವವರಿದ್ದಾರೆ. ಆ ಗುಣ ತಾಯಿ ತಂದೆಯಲ್ಲಿ ಒಬ್ಬರಿಂದ ಬಂದರೆ ಮೈಮೇಲಿನ ಪುಕ್ಕ ಸುಮಾರು ಶೇ. 20, ಇಬ್ಬರಿಂದಲೂ ಬಂದರೆ ಶೇ. 40ರಷ್ಟು ಕಡಿಮೆಯಾಗುತ್ತದೆ. ಬಿಸಿಲು ತಡೆಯುವ ಕೋಳಿ ಬೇಕೆಂದು ವಿಜ್ಞಾನಿಗಳು ಹುಡುಕುವುದು ಇದನ್ನೇ. ಹಳದಿ ಕಾಲಿನದು ಇನ್ನೂ ಸೊಗಸಾದ ಕಥೆ. ಸಾಕುಕೋಳಿಗಳೆಲ್ಲ ಕೆಂಪು ಕಾಡುಕೋಳಿಯ ಸಂತತಿ ಎಂದು ಡಾರ್ವಿನ್ 1868ರಲ್ಲೇ ಬರೆದಿದ್ದರು. ಆದರೆ ಹಳದಿ ಚರ್ಮದ ಗುಣ ಬಂದದ್ದು ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಗೊತ್ತಾಯಿತು. ಬೆಳಗಿನ ಜಾವ ನಿಮ್ಮ ತೋಟದಂಚಲ್ಲಿ ಕೂಗುತ್ತದಲ್ಲ, ಅದೇ ಜಾತಿ. ಲೋಕದ ಫಾರಂ ಕೋಳಿಗಳ ಹಳದಿ ಕಾಲಿಗೆ ಅದರ ಋಣವಿದೆ!

ಆದರೂ ತಳಿಗಳ ನೋಂದಣಿ ಆಗುವ ಕರ್ನಾಲ್‌ನ ರಾಷ್ಟ್ರೀಯ ಬ್ಯೂರೊದವರು ಬಂದು ಕೇಳಿದರೆ ತೋರಿಸಲು ನಮ್ಮ ಹತ್ತಿರ ಒಂದು ನೋಟ್‌ಬುಕ್ ಇಲ್ಲ. ಕೋಲಾರದ ಕಡೆಯ ಘಾಗಸ್ ಕೋಳಿ ಆ ನೋಂದಣಿ ಪಟ್ಟಿ ಸೇರಿದೆ. ನಿಮ್ಮ ಅಂಗಳದ್ದು ಸುಮ್ನೆ "ನಾಟಿ". ಹೈವೇ ಹೋಟೆಲುಗಳ ಬೋರ್ಡಿನಲ್ಲೂ ಅದೇ ಮಾತು, ತಟ್ಟೆಗೆ ಬರುವುದು ಮಾತ್ರ ಹೆಚ್ಚಿನ ಕಡೆ ಹ್ಯಾಚರಿಯ ಮಿಶ್ರ ತಳಿ. ಯೋಜನೆಗಳಲ್ಲಿ ಹಂಚುವುದೂ ಹೊರಗಿನ ಮರಿಗಳನ್ನೇ. ಅಜ್ಜಂಪುರದಲ್ಲಿ ಅಮೃತ್ ಮಹಲ್ ದನಗಳಿಗೆ ಸರ್ಕಾರಿ ಕೇಂದ್ರವಾದರೂ ಇದೆ, ಆದರೂ ಅವು ಮೇಯುತ್ತಿದ್ದ ಹುಲ್ಲುಗಾವಲುಗಳು, ಆ ಕಾವಲುಗಳೇ ಕರಗಿಹೋದವು. ಅರಮನೆ ಸಾಕಿದ ದನದ ಗತಿಯೇ ಹೀಗಾದರೆ ಹೆಂಗಸರು ಹಿತ್ತಲಲ್ಲಿ ಸಾಕಿದ ಕೋಳಿಯನ್ನು ಕೇಳುವವರು ಯಾರು? ನನಗೆ ಸಿಟ್ಟು ಬರುವುದು ಇಲ್ಲೇ. ಹೆಂಗಸರ ಕೈಯ ತಿಳಿವಳಿಕೆಯನ್ನು ನಾವು ವಿದ್ಯೆ ಅಂತ ಎಣಿಸಲೇ ಇಲ್ಲ.

ನೀವು ಓದಿದವರು, ಅಮ್ಮನ ಪಕ್ಕ ಕೂತು ಬರೆದುಕೊಳ್ಳಿ. ಒಂದೊಂದು ಕೋಳಿಯ ಬಣ್ಣ, ಜುಟ್ಟು, ಕಾಲಿನ ಬಣ್ಣ, ಮೊದಲ ಮೊಟ್ಟೆ ಇಟ್ಟ ತಿಂಗಳು, ಮೊಟ್ಟೆಯ ತೂಕ, ಎಷ್ಟು ಮರಿ ಎದ್ದವು, ಎಷ್ಟು ಉಳಿದವು. ಹುಂಜ ಒಂದೇ ಸಾಕು ಅನ್ನಬೇಡಿ. 20 ಹ್ಯಾಟೆಗೆ ಒಂದೇ ಹುಂಜವಾದರೆ ಮರಿಗಳೆಲ್ಲ ಒಂದೇ ತಂದೆಯವು, ತಳಿಯ ವೈವಿಧ್ಯದ ಲೆಕ್ಕದಲ್ಲಿ ಅದು ಸುಮಾರು ನಾಲ್ಕು ಕೋಳಿಗೆ ಸಮ. ಐದು ಹುಂಜವಿದ್ದರೆ 16ಕ್ಕೆ ಸಮ. ಅಷ್ಟು ಸಾಕಲಾಗದಿದ್ದರೆ ಪಕ್ಕದ ಊರಿನವರ ಜೊತೆ ಹುಂಜ ಬದಲಾಯಿಸಿಕೊಳ್ಳಿ. ನಾಟಿ ಕೋಳಿಗೆ ರೋಗ ಬರಲ್ಲ ಅನ್ನುವವರ ಮಾತು ಕೇಳಲೇಬೇಡಿ. ಕೊಕ್ಕರೆ ರೋಗ (ರಾಣಿಖೇತ್) ಒಮ್ಮೆ ನುಗ್ಗಿದರೆ ಗೂಡೇ ಖಾಲಿ. ಅದಕ್ಕೆ ಮರಿಗಳಿಗೆ ಮೊದಲ ವಾರದಲ್ಲಿ ಲಸೋಟ ಎಂಬ ಲಸಿಕೆಯ ಹನಿ, ಎಂಟನೇ ವಾರದ ಹೊತ್ತಿಗೆ ಆರ್‌ಟುಬಿ ಎಂಬ ಲಸಿಕೆಯ ಚುಚ್ಚುಮದ್ದು ಹಾಕಿಸಿ. ಗಿರಿರಾಜ ತಂದರೆ ಬೇರೆಯೇ ಗೂಡು, ಬೇರೆಯೇ ಬೇಲಿ. ಅಮ್ಮ ಹೇಳಿದ್ದನ್ನು ಅವರ ಮಾತಲ್ಲೇ ಬರೆದು ಕಳಿಸಿ, ಅವರ ಹೆಸರಲ್ಲೇ ಅಚ್ಚು ಹಾಕುತ್ತೇವೆ.