ಟ್ರಾನ್ಸ್‌ಮಿಷನ್ ಲೈನ್ ಪಾಠಕ್ಕೆ ಎಲ್‌ಟಿಸ್ಪೈಸ್ ಆಗುತ್ತದೆಯೇ?

ಪುಣೆಯ ಕಾಲೇಜಿನಲ್ಲಿ ಎಲೆಕ್ಟ್ರೋಮ್ಯಾಗ್ನೆಟಿಕ್ಸ್ ಕಲಿಸುತ್ತೀರಿ, ಹುಡುಗರು ಪ್ರತಿಫಲನದ ಸೂತ್ರ ಉರು ಹೊಡೆಯುತ್ತಾರೆಯೇ ಹೊರತು ಅಲೆ ಹಿಂದೆ ಬರುವುದು ಅವರ ಕಣ್ಣಿಗೆ ಕಟ್ಟುವುದಿಲ್ಲ ಎಂದಿದ್ದೀರಿ. ಟ್ರಾನ್ಸ್‌ಮಿಷನ್ ಲೈನ್, ಅಂದರೆ ಅಲೆ ಸಾಗಲು ಹಿಡಿಯುವ ಸಮಯವನ್ನು ಲೆಕ್ಕಕ್ಕೆ ಹಿಡಿಯಬೇಕಾದ ಉದ್ದ ತಂತಿಯ ಅಧ್ಯಾಯಕ್ಕೆ ಎಲ್‌ಟಿಸ್ಪೈಸ್ ಎಂಬ ಸರ್ಕ್ಯೂಟ್ ಸಿಮ್ಯುಲೇಶನ್ ಸಾಫ್ಟ್‌ವೇರ್ ಧಾರಾಳ ಸಾಕು. ಆಂಟೆನಾ, ವೇವ್‌ಗೈಡ್‌ಗೆ ಬೇಡ. ಅದಕ್ಕೆ ಗೊತ್ತಿರುವುದು ವೋಲ್ಟೇಜು, ಕರೆಂಟು ಮಾತ್ರ.

ಸೈನ್ ಅಲೆಯಿಂದ ಶುರುಮಾಡಬೇಡಿ. ಸ್ಥಿರಸ್ಥಿತಿಯಲ್ಲಿ ಹೋಗಿದ್ದೂ ಬಂದಿದ್ದೂ ಕಲಸಿಹೋಗಿರುತ್ತದೆ. ಪಲ್ಸ್ ಕೊಡಿ: 2 ವೋಲ್ಟ್, ಏರಿಕೆ 1 ನ್ಯಾನೋಸೆಕೆಂಡ್, ಅಗಲ 500 ನ್ಯಾನೋಸೆಕೆಂಡ್. ಏರಿಕೆಗೆ 0 ಹಾಕಿದರೆ ಸಾಫ್ಟ್‌ವೇರ್ ತನಗೆ ತೋಚಿದ ಬೆಲೆ ಹಿಡಿದು ಅಂಚನ್ನು ಓರೆ ಮಾಡುತ್ತದೆ. ಸೋರ್ಸಿನ ರೆಸಿಸ್ಟರ್ 50 ಓಮ್. ಸಾಫ್ಟ್‌ವೇರಿನಲ್ಲಿ ಕೇಬಲ್ಲಿನ ಜಾಗದಲ್ಲಿ ಕೂರುವ ಟಿಲೈನ್‌ಗೆ 50 ಓಮ್ ಇಂಪಿಡೆನ್ಸ್, 50 ನ್ಯಾನೋಸೆಕೆಂಡ್ ತಡ. ಅಂದರೆ ಸುಮಾರು 10 ಮೀಟರ್ ಆರ್‌ಜಿ-58 ಎಂಬ ಕೋಆಕ್ಸಿಯಲ್ ಕೇಬಲ್. ಟಿಲೈನ್‌ನ ಕೆಳಗಿನ ಎರಡೂ ಕಾಲುಗಳಿಗೆ ಗ್ರೌಂಡ್ ಕೊಡಲೇಬೇಕು. ಗರಿಷ್ಠ ಟೈಮ್‌ಸ್ಟೆಪ್ 0.1 ನ್ಯಾನೋಸೆಕೆಂಡ್ ಇರಲಿ.

ಲೈನಿನ ಕೊನೆಯ ರೆಸಿಸ್ಟರ್, ಅಂದರೆ ಲೋಡನ್ನು, ಸ್ಟೆಪ್ ಕಮಾಂಡಿನಿಂದ 25, 50, 100 ಓಮ್, 1ಮೆಗ್ (ಮೆಗಾಓಮ್, ಹೆಚ್ಚುಕಡಿಮೆ ಓಪನ್ ಸರ್ಕ್ಯೂಟ್) ಎಂದು ಬದಲಿಸಿ, ಲೈನಿನ ಆರಂಭದಲ್ಲಿ, ರೆಸಿಸ್ಟರ್ ದಾಟಿದ ಕಡೆ ವೋಲ್ಟೇಜ್ ನೋಡಿ. ಮೊದಲ 100 ನ್ಯಾನೋಸೆಕೆಂಡ್ ನಾಲ್ಕೂ ಗೆರೆಗಳು ಒಂದರ ಮೇಲೊಂದು ಕೂತು 1 ವೋಲ್ಟ್ ತೋರಿಸುತ್ತವೆ, ಆಮೇಲೆ ಕವಲೊಡೆದು 0.67, 1, 1.33, 2 ಆಗುತ್ತವೆ. ರನ್ ಒತ್ತುವ ಮೊದಲೇ ಕಾಗದದ ಮೇಲೆ ಬರೆಸಿ: ಲೋಡ್ ಯಾವುದಾದರೂ ಮೊದಲು 1 ವೋಲ್ಟೇ ಏಕೆ? ಲೋಡಿನ ಸುದ್ದಿ ಇನ್ನೂ ಸೋರ್ಸನ್ನು ಮುಟ್ಟಿಲ್ಲ, ಅಲ್ಲಿಯವರೆಗೆ ಸೋರ್ಸಿಗೆ ಕಾಣುವುದು ಲೈನಿನ 50 ಓಮ್ ಮಾತ್ರ. ಇದನ್ನು ಹುಡುಗರೇ ಹೇಳುವವರೆಗೆ ಪ್ರತಿಫಲನವನ್ನು ಲೆಕ್ಕಹಾಕುವ ವೃತ್ತಾಕಾರದ ನಕ್ಷೆಯಾದ ಸ್ಮಿತ್ ಚಾರ್ಟ್ ತೆಗೆಯಬೇಡಿ.

ಒಬ್ಬನಾದರೂ ಓಪನ್ ಸರ್ಕ್ಯೂಟ್‌ಗೆಂದು 1ಮೆಗ್ ಬದಲು 1ಎಂ ಬರೆಯುತ್ತಾನೆ. ಸ್ಪೈಸ್‌ನಲ್ಲಿ ಎಂ ಎಂದರೆ ಮಿಲಿ, ದೊಡ್ಡಕ್ಷರವಾದರೂ ಅಷ್ಟೇ. ಗೆರೆ 2ಕ್ಕೆ ಏರುವ ಬದಲು 0ಗೆ ಬೀಳುತ್ತದೆ. ತಕ್ಷಣ ತಿದ್ದಬೇಡಿ, ಶಾರ್ಟ್ ಸರ್ಕ್ಯೂಟಿನ ಪಾಠ ಪುಕ್ಕಟೆ ಸಿಕ್ಕಿತು.

ಮುಂದಿನ ತರಗತಿಗೆ ಟಿಲೈನ್ ತೆಗೆದು 250 ನ್ಯಾನೋಹೆನ್ರಿ ಇಂಡಕ್ಟರ್, 100 ಪಿಕೋಫ್ಯಾರಡ್ ಕೆಪಾಸಿಟರ್‌ಗಳ 10 ಮೆಟ್ಟಿಲಿನ ಏಣಿ ಕಟ್ಟಿಸಿ. ತಡ ಅಷ್ಟೇ ಬರುತ್ತದೆ, ಅಂಚು ಮಾತ್ರ ಕುಣಿಯುತ್ತದೆ. ಈ ಏಣಿ ಸುಮಾರು 64 ಮೆಗಾಹರ್ಟ್ಸ್ ಮೇಲಿನದನ್ನು ಬಿಡುವುದಿಲ್ಲ. ಏರಿಕೆಯನ್ನು 20 ನ್ಯಾನೋಸೆಕೆಂಡಿಗೆ ಏರಿಸಿದರೆ ಕುಣಿತ ಬಹಳಷ್ಟು ಇಳಿಯುತ್ತದೆ.

ಕೊನೆಗೆ ಪುಣೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬುಧವಾರ ಪೇಟೆಯಿಂದ ನಿಜವಾದ ಕೇಬಲ್ ತಂದು ಆಸಿಲೋಸ್ಕೋಪಿನಲ್ಲಿ ಹೋಲಿಸಿ. ಆರ್‌ಜಿ-58 ಎಂದೇ ಕೇಳಿ, ಟಿವಿ ಕೇಬಲ್ 75 ಓಮ್. ಜನರೇಟರಿನ ಬಾಯಲ್ಲೇ ಟಿ ಕನೆಕ್ಟರ್ ಹಾಕಿ, ಸ್ಕೋಪ್ ಇನ್‌ಪುಟ್ 1 ಮೆಗಾಓಮ್‌ನಲ್ಲಿರಲಿ. ಜನರೇಟರಿನ ಅಂಚು ನಿಧಾನವಾಗಿದ್ದರೆ 20 ಮೀಟರ್ ತನ್ನಿ.