ಓದುಗರ ಪ್ರಶ್ನೆ: ಪಂಚಾಯಿತಿ ಕಾಮಗಾರಿಯ ಲೆಕ್ಕ ಕೇಳುವುದು ಹೇಗೆ?

ಪ್ರಶ್ನೆ: ನಮ್ಮ ಕೇರಿಗೆ ಕಳೆದ ಬೇಸಿಗೆಯಲ್ಲಿ ಹಾಕಿದ ಕಾಂಕ್ರೀಟ್ ರಸ್ತೆ ಒಂದೇ ಮಳೆಗಾಲಕ್ಕೆ ಅಂಚು ಕುಸಿದು ಬಿರುಕು ಬಿಟ್ಟಿದೆ. ವಿಚಾರಿಸಿದರೆ ‘ಮಲೆನಾಡಿನ ಮಳೆ, ಏನು ಮಾಡೋದು’ ಅನ್ನುತ್ತಾರೆ. ಊರವರಿಗೆ ನೆರವಾಗಲು ನಾವು ನಾಲ್ಕು ಜನ ಸಿದ್ಧರಿದ್ದೇವೆ. ಎಲ್ಲಿಂದ ಶುರು ಮಾಡಬೇಕು?
– ಯುವಕ ಸಂಘದ ಸದಸ್ಯರು, ಹೊಸನಗರ ತಾಲ್ಲೂಕು

ಉತ್ತರ: ದೂರು ಬರೆಯುವ ಮೊದಲು ಕಾಗದ ತರಿಸಿ. ‘ಕಳಪೆ ಕಾಮಗಾರಿ’ ಎಂದಷ್ಟೇ ಬರೆದ ಮನವಿಗೆ ‘ಪರಿಶೀಲಿಸಲಾಗುವುದು’ ಎಂಬ ಹಿಂಬರಹ ಬಿದ್ದು ವಿಷಯ ಅಲ್ಲೇ ತಣ್ಣಗಾಗುತ್ತದೆ.

ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿ ನಮೂನೆ ‘ಎ’ಯಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ‘ರಸ್ತೆಯ ಪೂರ್ಣ ಮಾಹಿತಿ ಕೊಡಿ’ ಎಂದು ಬರೆಯಬೇಡಿ; ಅಷ್ಟು ಸಡಿಲವಾಗಿ ಕೇಳಿದರೆ ತಳ್ಳಿಹಾಕುವುದು ಸುಲಭ. ‘ರಸ್ತೆ ಏಕೆ ಕಿತ್ತುಹೋಯಿತು’ ಎಂದೂ ಕೇಳಬೇಡಿ, ಕಾಯ್ದೆ ಕೊಡಿಸುವುದು ಕಚೇರಿಯಲ್ಲಿರುವ ದಾಖಲೆಯನ್ನು, ವಿವರಣೆಯನ್ನಲ್ಲ. ಅಂದಾಜು ಪಟ್ಟಿ, ಗುತ್ತಿಗೆ ಕರಾರು, ಕಾರ್ಯಾದೇಶ, ಅಳತೆ ಪುಸ್ತಕದ (ಎಂ.ಬಿ.) ಆ ಪುಟಗಳು, ಅಂತಿಮ ಬಿಲ್ಲು, ಇವಿಷ್ಟರ ದೃಢೀಕೃತ ಪ್ರತಿ ಎಂದು ಹೆಸರು ಹಿಡಿದು ಕೇಳಿ. ಕಾರಣ ಹೇಳಬೇಕಿಲ್ಲ. ಕಾಮಗಾರಿ ಪಂಚಾಯಿತಿಯದೋ ಬೇರೆ ಇಲಾಖೆಯದೋ ಗೊತ್ತಿಲ್ಲದಿದ್ದರೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೇ ಕೊಡಿ; ತಮ್ಮದಲ್ಲದಿದ್ದರೆ 5 ದಿನದೊಳಗೆ ಸಂಬಂಧಪಟ್ಟ ಕಚೇರಿಗೆ ಅವರೇ ವರ್ಗಾಯಿಸಬೇಕು, ಕಲಂ 6(3).

ಕಾಗದ ಬರುವಷ್ಟರಲ್ಲಿ ರಸ್ತೆ ಅಳೆಯಿರಿ. 30 ಮೀಟರ್ ಟೇಪು, ಹಿಡಿಯಲು ಇಬ್ಬರು, ಬರೆಯಲು ಒಬ್ಬರು, ಫೋಟೊಗೆ ಒಬ್ಬರು. ಅಗಲವನ್ನು ಪ್ರತಿ 10 ಮೀಟರಿಗೊಮ್ಮೆ ತೆಗೆದುಕೊಳ್ಳಿ. ದಪ್ಪ ನೋಡುವುದು ಅಂಚಿನ ಮಣ್ಣು ಕೊಚ್ಚಿಹೋದ ಕಡೆ. ಆದರೆ ಒಂದೆರಡು ಜಾಗ ನಂಬಬೇಡಿ, ನಡುಭಾಗಕ್ಕಿಂತ ಅಂಚಿಗೆ ಹೆಚ್ಚು ಕಾಂಕ್ರೀಟ್ ಬಿದ್ದಿರುವುದುಂಟು. ಈಗ ಲೆಕ್ಕ: ಎಂ.ಬಿ.ಯಲ್ಲಿ 120 ಮೀ. ಉದ್ದ, 3 ಮೀ. ಅಗಲ, 0.15 ಮೀ. ದಪ್ಪ ಎಂದಿದ್ದರೆ ಬಿಲ್ಲಾಗಿರುವುದು 54 ಘನ ಮೀಟರ್ ಕಾಂಕ್ರೀಟ್. ಸ್ಥಳದಲ್ಲಿ ದಪ್ಪ 0.10 ಮೀ. ಬಂದರೆ ಬಿದ್ದಿರುವುದು 36. ಉಳಿದ 18 ಘನ ಮೀಟರ್ ಎಲ್ಲಿ ಎಂಬ ಪ್ರಶ್ನೆಗೆ ‘ಮಳೆ’ ಉತ್ತರವಾಗಲಾರದು. ಮೊದಲೇ ಇದ್ದ ಮೋರಿಯ ಉದ್ದವನ್ನೂ ರಸ್ತೆಯ ಅಳತೆಗೆ ಸೇರಿಸಿದ್ದಾರೆಯೇ ಎಂಬುದನ್ನೂ ನೋಡಿ.

ಅಳತೆ ಸರಿಯಾಗಿಯೇ ಬಂದರೆ ಅದನ್ನು ಒಪ್ಪಿಕೊಳ್ಳುವ ಪ್ರಾಮಾಣಿಕತೆ ನಿಮ್ಮಲ್ಲೂ ಇರಬೇಕು. ನಮ್ಮ ಇಳಿಜಾರಿನಲ್ಲಿ ಬದಿ ಚರಂಡಿ ಇಲ್ಲದ ರಸ್ತೆಯ ಅಡಿಮಣ್ಣನ್ನು ನೀರು ಕೊರೆಯುತ್ತದೆ, ಮೇಲಿನ ಹಾಸು ಗಟ್ಟಿಯಿದ್ದರೂ ಒಡೆಯುತ್ತದೆ. ಅಂದಾಜು ಪಟ್ಟಿಯಲ್ಲಿ ಚರಂಡಿ ಇತ್ತೇ? ಇದ್ದು ಮಾಡದಿದ್ದರೆ ಅದು ಬಿಲ್ಲಿನ ಪ್ರಶ್ನೆ. ಇರಲೇ ಇಲ್ಲವೆಂದರೆ ಯೋಜನೆಯ ತಪ್ಪು, ಮುಂದಿನ ಗ್ರಾಮ ಸಭೆಯಲ್ಲಿ ಎತ್ತಬೇಕಾದ್ದು. ಕರಾರಿನಲ್ಲಿ ದೋಷ ಹೊಣೆಗಾರಿಕೆ ಅವಧಿ ಇದ್ದು ಇನ್ನೂ ಮುಗಿಯದಿದ್ದರೆ ಗುತ್ತಿಗೆದಾರರೇ ಸ್ವಂತ ಖರ್ಚಿನಲ್ಲಿ ದುರಸ್ತಿ ಮಾಡಬೇಕು. ಅನೇಕ ಊರುಗಳಿಗೆ ಬೇಕಾಗಿರುವುದು ಇಷ್ಟೇ. ಗುಣಮಟ್ಟದ ಬಗ್ಗೆ ಸಂಶಯ ಉಳಿದರೆ ಇದೇ ಕಾಯ್ದೆಯಡಿ ಸಾಮಗ್ರಿಯ ದೃಢೀಕೃತ ಮಾದರಿ ಕೇಳುವ ಹಕ್ಕೂ ನಿಮಗಿದೆ. ನೀವೇ ರಸ್ತೆ ಅಗೆಯಲು ಹೋಗಬೇಡಿ.

ಪ್ರಶ್ನೆ: ಅರ್ಜಿ ತೆಗೆದುಕೊಂಡರು, ಸ್ವೀಕೃತಿ ಕೊಡಲಿಲ್ಲ. ತಿಂಗಳಾದರೂ ಸುದ್ದಿಯಿಲ್ಲ.
– ಓದುಗರು, ಸೊರಬ

ಉತ್ತರ: ಸ್ವೀಕೃತಿಯಿಲ್ಲದ ಅರ್ಜಿ ಕೊಟ್ಟೂ ಕೊಡದಂತೆ. ಇನ್ನೊಮ್ಮೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿಯ ಜೊತೆ ತಲುಪಿದ ದಿನದ ವಿವರವನ್ನೂ ಇಟ್ಟುಕೊಳ್ಳಿ. ಅರ್ಜಿ ತಲುಪಿ 30 ದಿನವಾದರೂ ಮಾಹಿತಿ ಬರದಿದ್ದರೆ ನಂತರದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಯಾರಿಗೆ ಎಂಬುದು ಕಚೇರಿಯ ಫಲಕದಲ್ಲಿರಬೇಕು; ಪಂಚಾಯಿತಿಗಾದರೆ ಸಾಮಾನ್ಯವಾಗಿ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ (ಇಒ). ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ. ತಡವಾಗಿ ಕೊಟ್ಟ ಮಾಹಿತಿಗೆ ಪ್ರತಿಗಳ ಪುಟದ ಲೆಕ್ಕದ ಹಣ ಕೊಡಬೇಕಿಲ್ಲ.

ಪ್ರಶ್ನೆ: ಗ್ರಾಮ ಸಭೆಯಲ್ಲಿ ನಾವು ಹೇಳಿದ್ದೇ ಒಂದು, ನಡಾವಳಿಯಲ್ಲಿ ಬರೆದದ್ದೇ ಇನ್ನೊಂದು.
– ಸ್ತ್ರೀಶಕ್ತಿ ಸಂಘದವರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಬಾಯಿಮಾತಿನ ಬೇಡಿಕೆ ಹೀಗೇ ಕಳೆದುಹೋಗುತ್ತದೆ. ಎರಡು ಪ್ರತಿ ಬರೆದುಕೊಂಡು ಹೋಗಿ. ಒಂದನ್ನು ಸಭೆಯಲ್ಲೇ ಕೊಟ್ಟು ಇನ್ನೊಂದಕ್ಕೆ ಮುದ್ರೆ ಹಾಕಿಸಿಕೊಳ್ಳಿ. ಏಳುವ ಮುಂಚೆ ನಿರ್ಣಯಗಳನ್ನು ಗಟ್ಟಿಯಾಗಿ ಓದಿಸಿ, ನೋಡಲ್ ಅಧಿಕಾರಿಯ ಎದುರೇ. ಹಾಜರಿ ಪುಸ್ತಕದಲ್ಲಿ ಖಾಲಿ ಸಾಲು ಉಳಿದಿದ್ದರೆ ಅಡ್ಡಗೆರೆ ಹಾಕಲು ಹೇಳಿ. ಅಡಿಕೆ ಕೊಯ್ಲಿನ ನಡುವೆ ಸಭೆ ಇಟ್ಟರೆ ಜನ ಬರುವುದಿಲ್ಲ. ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಇಲ್ಲದೆ ನಡೆದ ಸಭೆಗೆ ನೀವು ಸಹಿ ಹಾಕಬೇಡಿ, ದಿನಾಂಕ ಬದಲಿಸಲು ಮುಂಚೆಯೇ ಲಿಖಿತವಾಗಿ ಕೇಳಿ.

ಪ್ರಶ್ನೆ: ಕೂಲಿಗೆ ಹೋಗುವವರು ಹೆಸರು ಹಾಕಲು ಹೆದರುತ್ತಾರೆ. ಅವರ ಪರವಾಗಿ ನಾವೇ ಅರ್ಜಿ ಹಾಕಬಹುದೇ?
– ಓದುಗರು, ಸಾಗರ

ಉತ್ತರ: ಖಂಡಿತ. ಮಾಹಿತಿ ಕೇಳುವ ಹಕ್ಕು ಯಾವುದೇ ನಾಗರಿಕರಿಗಿದೆ, ಆ ರಸ್ತೆಯಲ್ಲಿ ಓಡಾಡುವವರೇ ಆಗಬೇಕಿಲ್ಲ. ಸಂಘದ ಹೆಸರಿನಲ್ಲಿ ಬೇಡ, ವ್ಯಕ್ತಿಯ ಹೆಸರಿನಲ್ಲೇ ಹಾಕಿ. ಮುಂದೆ ದೂರು ಕೊಡುವಾಗ ಹತ್ತಾರು ಮನೆಯವರ ಸಹಿ ಒಟ್ಟಿಗಿರಲಿ, ಆಗ ಒಬ್ಬರನ್ನೇ ಗುರಿ ಮಾಡುವುದು ಕಷ್ಟ. ಗುತ್ತಿಗೆದಾರರು ನಿಮ್ಮನ್ನು ಬೇರೆಯಾಗಿ ಮಾತಿಗೆ ಕರೆದರೆ ಹೋಗಬೇಡಿ. ಹೇಳುವುದನ್ನು ಊರವರ ಮುಂದೆಯೇ ಹೇಳಲಿ.